ಕಾಸಿದ ತಣ್ಣಿ

ಐವತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ಬೂದಿಕೋಟೆ ಕಡೆಯ ಹಳ್ಳಿಯಿಂದ ಬಂಗಾರಪೇಟೆಗೆ ಬಂದು, ಅಲ್ಲಿ ರೈಲು ಹತ್ತಿ, ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಸಾಲುಮನೆ, ಅಂದರೆ ಲೈನ್ ಮನೆ, ಸೇರಿದೆ. ಅಲ್ಲಿ ನಾನು ಕಲಿತ ಮೊದಲ ತಮಿಳು ಪದ 'ತಣ್ಣಿ'. ಒಂದು ಭಾನುವಾರ ಪಕ್ಕದ ಮನೆಯಾಕೆಯ ಗಂಡ ಗೋಡೆ ಹಿಡಿದುಕೊಂಡು ಬಂದ. ಆಕೆ ಹಣೆ ಚಚ್ಚಿಕೊಂಡು, "ತಣ್ಣಿ ಆಕ್ಕೊಂಡು ಬಂದವ್ನೆ ನೋಡಮ್ಮ" ಅಂದಳು. ಸರಿ, ತಣ್ಣಿ ಅಂದರೆ ಸಾರಾಯಿ. ನಲ್ಲಿಯ ಹತ್ತಿರ ಎಲ್ಲರೂ ನನ್ನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು, ಹಾಗಾಗಿ ಅಲ್ಲಿ ನೀರು 'ನೀಳ್ಳು' ಆಗಿತ್ತು. ಒಂದೇ ತಿಂಗಳಲ್ಲಿ ಎರಡು ಭಾಷೆ ಬಂತಲ್ಲ ಅಂತ ನನಗೆ ಜಂಬವೋ ಜಂಬ!

ಅಷ್ಟರಲ್ಲಿ ನನ್ನ ಗಂಡ ಗಣಿಯ ಆಳದಲ್ಲಿ ತಲೆ ಸುತ್ತಿ ಬಿದ್ದ. ಕೆಳಗೆ ಕಾವು ಅಂದರೆ ಅಂಥಿಂಥ ಕಾವಲ್ಲ, ಮೈಯಿಂದ ಬೆವರು ಧಾರೆ ಧಾರೆ. ಈ ಮಹಾಶಯನಿಗೆ ನೀರಿನ ಬಾಟ್ಲಿ ಒಯ್ಯುವುದು ಅಂದರೆ ನಾಚಿಕೆ. ಎರಡು ಲೋಟ ಟೀ ಸಾಕು ಅನ್ನುತ್ತಿದ್ದ. ಕಾಲು ಸೆಟೆದುಕೊಂಡಿತ್ತು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ನಾನು ಸೆರಗು ಒದ್ದೆಯಾಗುವಷ್ಟು ಅತ್ತೆ.

ಮುದುಕ ಕಾಂಪೌಂಡರು ನನ್ನನ್ನು ಕರೆದರು. "ಇವನಿಗೆ ತಣ್ಣಿ ಸಾಲದಮ್ಮ. ದಿನಾ ನಾಲ್ಕು ಬಾಟ್ಲಿ ತಣ್ಣಿ ಒಳಗೋಗಬೇಕು, ಇಲ್ಲಾಂದ್ರೆ ಕಿಡ್ನಿ ಕೆಟ್ಟೋಗ್ತದೆ, ಆಳು ಉಳಿಯಲ್ಲ. ಕಾಸಿದ್ದೇ ಕೊಡು. ಕಾಸದೆ ಇರೋದು ಕುಡಿದ್ರೆ ಬೇದಿ."

ಕಾಸಿದ್ದು! ಸಾರಾಯಿ ಇಳಿಸುವುದೂ ಕಾಸಿಯೇ ಅಂತ ನನಗೇನು ಗೊತ್ತಿಲ್ಲವೇ? ಬಿಳಿ ಕೋಟು ಹಾಕಿಕೊಂಡು ಹೇಳುವ ಮಾತಾ ಇದು!

ಗಂಡನನ್ನು ಮನೆಗೆ ಕರೆತಂದು ಚಾಪೆಯ ಮೇಲೆ ಮಲಗಿಸಿದೆ. ಅವನು ಹುಟ್ಟಿ ಬೆಳೆದದ್ದೆಲ್ಲ ಆ ಲೈನಿನಲ್ಲೇ, ಮೂರು ಭಾಷೆ ಕಲಸಿಯೇ ಮಾತಾಡುವವನು.

"ಲೇ, ಕಾಂಪೌಂಡರು ಏಳಿದ್ದು ಕೇಳಿಸ್ಲಿಲ್ವಾ? ತಣ್ಣಿ ಕೊಡೇ."

"ಪ್ರಾಣ ಓದ್ರೂ ಕೊಡಲ್ಲ!"

"ಯಾಕೇ?"

"ನಮ್ಮ ವಂಶದಲ್ಲೇ ಯಾರೂ ಅದನ್ನ ಮುಟ್ಟಿಲ್ಲ."

ಅವನು ಎದ್ದು ಕೂತ. "ಎಣ್ಣು ನೋಡಕ್ಕೆ ಬಂದಾಗ ನಿಮ್ಮವ್ವ ಮೊದ್ಲು ಕೊಟ್ಟಿದ್ದೇ ತಣ್ಣಿ ಅಲ್ವಾ?"

"ನಮ್ಮವ್ವನಾ!"

"ನಿಮ್ಮಪ್ಪ ಎರಡು ಚೊಂಬು ಕುಡಿದ್ರು. ಮಿಕ್ಕಿದ್ರಲ್ಲಿ ಕಾಲು ತೊಳ್ಕೊಂಡ್ರು!"

ಸಾರಾಯಿಯಲ್ಲಿ ಕಾಲು ತೊಳೆಯುವ ಅಪ್ಪ ಕಣ್ಣ ಮುಂದೆ ಬಂದರು. "ತಣ್ಣಿ ಅಂದ್ರೆ ಏನು?" ಅಂತ ಮೆಲ್ಲಗೆ ಕೇಳಿದೆ.

"ನೀರು ಕಣೇ! ನೀರು!"

ಸಾರಾಯಿಗೆ ಅದು ಬರೀ ಅಡ್ಡಹೆಸರಂತೆ. ನಗು ಉಕ್ಕಿ ಬಂತು, ಅದರ ಹಿಂದೆಯೇ ಭಯ. ನನ್ನ ಬುದ್ಧಿವಂತಿಕೆಯಿಂದ ಗಂಡನನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ! ಓಡಿ ಒಲೆ ಹಚ್ಚಿ, ಮನೆಯಲ್ಲಿದ್ದ ದೊಡ್ಡ ಪಾತ್ರೆಯ ತುಂಬ ನೀರು ಕುದಿಸಿದೆ. ಬಟ್ಟೆಯಲ್ಲಿ ಸೋಸಿ, ಪಾತ್ರೆಯಿಂದ ಪಾತ್ರೆಗೆ ಸುರಿದು ಆರಿಸಿ, ಲೋಟ ಲೋಟ ಕುಡಿಸಿದೆ. ನಡುನಡುವೆ ತಣ್ಣಿ, ತಣ್ಣಿ ಅಂತ ಹೇಳಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕೊನೆಗೆ ಅವನೇ ಕೈಮುಗಿದು, "ಬಿಟ್ಬಿಡೇ, ನಾನೇನು ಕೆರೆಯಾ?" ಅಂದ.

ಮರುದಿನ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದೆ. ಜೀವ ಮಾತ್ರ ಮನೆಯಲ್ಲೇ ಇತ್ತು. ಆಗ ಲೈನಿನ ಕೊನೆಯ ಕಕ್ಕಸಿನ ಕಡೆಯಿಂದ ನನ್ನ ಗಂಡ ಪಂಚೆ ಎತ್ತಿ ಕಟ್ಟಿಕೊಂಡು ಬಂದ, ಎರಡೂ ಕೈ ಮೇಲೆತ್ತಿ ಕೂಗಿದ: "ಲೇ! ಬೆಳ್ಳಗೆ ಬಂತು ಕಣೇ! ಬೆಳ್ಳಗೆ!"

ಸಾಲಿನ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಹೊಸ ಮದುವಣಗಿತ್ತಿ ನಾನು ನಾಚಿ ಭೂಮಿಗಿಳಿದುಹೋಗಬೇಕಿತ್ತು. ಅದರ ಬದಲು, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ, ಅಷ್ಟೂ ಜನರ ಎದುರು ಗಂಟಲು ಹರಿಯುವಂತೆ ಕೂಗಿದೆ: "ಓಗಿ, ಇನ್ನೆರಡು ಲೋಟ ತಣ್ಣಿ ಆಕ್ಕೊಳ್ಳಿ!"