ಸೂಗಮ್ಮನ ಬಂಡಿ ಹಾದಿ

ಕಮಲಾಪುರದ ಸೂಗಮ್ಮ ಮೂವತ್ತು ವರ್ಷದಿಂದ ಕೆಂಪು ಬಾಳೆ ಬೆಳೆದವಳು. ಅವಳ ಹೊಲಕ್ಕೆ ಇದ್ದದ್ದು ಒಂದೇ ಬಂಡಿ ಹಾದಿ, ಅದೂ ಪಕ್ಕದ ಮಹಾದೇವಪ್ಪನ ಹೊಲದ ಅಂಚಿನಲ್ಲಿ. ಅವಳ ಗಂಡ ತೀರಿಕೊಂಡ ಮರುವರ್ಷವೇ ಮಹಾದೇವಪ್ಪ ಅಡ್ಡಲಾಗಿ ಮುಳ್ಳುಬೇಲಿ ಹಾಕಿ, ಇಲ್ಲಿ ಹಾದಿಯೇ ಇರಲಿಲ್ಲ ಎಂದುಬಿಟ್ಟ. ಅಂದಿನಿಂದ ಒಂದೊಂದು ಗೊನೆಯನ್ನೂ ತಲೆಯ ಮೇಲೆ ಹೊತ್ತು ಹಳ್ಳ ದಾಟಬೇಕಾಯಿತು. ಹೆಂಗಸು ಎಷ್ಟು ದಿನ ಹೊತ್ತಾಳು, ಹೊಲ ಬಿಟ್ಟು ಹೋಗುತ್ತಾಳೆ ಎಂದು ಆತ ಎಣಿಸಿದ್ದ. ಸೂಗಮ್ಮ ಕಲಬುರಗಿಯ ಕೋರ್ಟಿಗೆ ಹೋದಳು.

ಜೇವರ್ಗಿ ಕಾಲೋನಿಯ ವಕೀಲೆ ನಜ್ಮಾ ಕಾಗದ ತಿರುವಿ ನೋಡಿದಳು. "ಅಮ್ಮಾ, ಹಾದಿ ಅದ ಅಂದವರು ನೀವು. ಸಾಬೀತು ಮಾಡೂದೂ ನಿಮ್ಮ ಮ್ಯಾಲೇ ಅದ. ಇಪ್ಪತ್ತು ವರ್ಷ ಯಾರ ತಡೆನೂ ಇಲ್ಲದ ತಿರುಗಾಡೀರಿ ಅಂತ ತೋರಿಸಬೇಕು."

"ಬೇಲಿ ಹಾಕಿದಂವ ಅಂವ, ಸಾಬೀತು ಮಾಡಾಕಿ ನಾನೇನ್ರಿ?"

ಸಿಟ್ಟು ಬರಬೇಕಾದ್ದೇ. ಆದರೆ ಕಾಯಿದೆ ಯಾರ ಸಿಟ್ಟಿಗೂ ಬಗ್ಗುವುದಿಲ್ಲ.

"ಕೊಲೆ ಕೇಸಿನಂಗ ಒಂಚೂರೂ ಅನುಮಾನ ಇರಬಾರದು ಅಂತಿಲ್ಲ," ಎಂದಳು ನಜ್ಮಾ. "ಅವರಿಗಿಂತ ನಮ್ಮ ಮಾತು ಹೆಚ್ಚು ಖರೆ ಅನಿಸಿದ್ರ ಸಾಕು."

ಅಷ್ಟಕ್ಕೂ ಸಾಕ್ಷಿ ಬೇಕಲ್ಲ. ನಕ್ಷೆಯಲ್ಲಿ ಹಾದಿಯಿಲ್ಲ. ಮಹಾದೇವಪ್ಪನ ಎದುರು ಬಾಯಿ ಬಿಡುವ ಧೈರ್ಯ ಊರಲ್ಲಿ ಒಬ್ಬರಿಗೂ ಇಲ್ಲ. ಒಂದು ವಾರ ಯೋಚಿಸಿದ ಸೂಗಮ್ಮ ಮತ್ತೆ ಬಂದಳು.

"ಅವನನ್ನೇ ಕೇಳ್ರಿ. ಪ್ರತಿ ವರ್ಷ ಎಳ್ಳಮಾಸಿ ಹಬ್ಬಕ್ಕ, ಭೂಮಿ ಪೂಜಿ ಆದಮ್ಯಾಲೆ, ಬಳಗ ಕಟ್ಟಿಕೊಂಡು ಬಂದು ನಮ್ಮ ಹೊಲದಾಗ ಸಜ್ಜಿ ರೊಟ್ಟಿ, ಭಜ್ಜಿ ಉಂಡಾನ. ಬ್ಯಾರೆ ಏನ ಸುಳ್ಳು ಹೇಳಿದ್ರೂ ಉಂಡದ್ದು ಇಲ್ಲ ಅನ್ನಾಂವಲ್ಲ."

ಕಟಕಟೆಯಲ್ಲಿ ನಿಂತ ಮಹಾದೇವಪ್ಪನ ಮುಂದೆ ನಜ್ಮಾ ಬೇಲಿಯ ಮಾತೇ ಎತ್ತಲಿಲ್ಲ.

"ಎಳ್ಳಮಾಸಿಗೆ ಸೂಗಮ್ಮನವರ ಹೊಲದಾಗ ಉಂಡೀರೇನ್ರಿ?"

ಆತ ಹಿಂದೆ ಕೂತ ತನ್ನ ಬಳಗವನ್ನು ನೋಡಿದ. ಅವರೂ ಉಂಡವರೇ. "ಉಂಡೀನ್ರಿ. ಅನ್ನದ ವಿಷಯದಾಗ ಎರಡು ಮಾತಾಡಬಾರದು."

"ಎಷ್ಟು ವರ್ಷ?"

"ಇಪ್ಪತ್ತೈದು ಆಗಿರಬೇಕು."

"ಮುದುಕರು, ಮಕ್ಕಳು, ಎಲ್ಲಾರೂ ನಡಕೊಂತ ಹೋಗ್ತಿದ್ರಿ?"

ಮಹಾದೇವಪ್ಪನ ಮೀಸೆಗೆ ಅವಮಾನವಾಯಿತು. "ನಾವ್ಯಾಕ ನಡೀತೀವ್ರಿ? ಬಂಡಿ ಕಟ್ಟಿಕೊಂಡು, ಅವರ ಬಂಡಿ ಹಿಂದ."

"ಯಾ ಹಾದೀಲಿ?"

ಜಡ್ಜ್ ಕನ್ನಡಕದ ಮೇಲಿಂದ ನೋಡಿದರು. ಆ ಹೊಲಕ್ಕೆ ಬಂಡಿ ಹೋಗುವ ಹಾದಿ ಒಂದೇ ಎಂಬುದು ಮಹಾದೇವಪ್ಪನಿಗೆ ಆಗ ನೆನಪಾಯಿತು.

ತೀರ್ಪು ಸೂಗಮ್ಮನ ಕಡೆಗಾಯಿತು. ಬೇಲಿ ಕಿತ್ತ ದಿನ ಬಂಡಿಯ ತುಂಬಾ ಗೊನೆ ಹೇರಿ, ಮೇಲೆ ತಾನೇ ಕೂತು, ಅದೇ ಹಾದಿಯಲ್ಲಿ ಬಂದಳು. ಎಷ್ಟೋ ದಿನದ ಮೇಲೆ ಅವಳ ತಲೆ ಹಗುರಾಗಿತ್ತು. ಮಹಾದೇವಪ್ಪನ ಬಾಗಿಲಲ್ಲಿ ಎತ್ತು ನಿಲ್ಲಿಸಿದಳು.

"ಬರೂ ಎಳ್ಳಮಾಸಿಗೆ ಎಲ್ಲಾರೂ ಊಟಕ್ಕ ಬರ್ರಿ ಅಣ್ಣಾ. ಬಂಡಿ ಕಟ್ಟಿಕೊಂಡೇ ಬರ್ರಿ."