ಅಲುಗದ ಕೋಲು

ದನದ ದವಾಖಾನೆಯ ಕಂಪೌಂಡರನಿಗೆ ಗಿಳಿಯ ವಿಷಯ ಏನು ಗೊತ್ತಿರುತ್ತದೆ? ಆದರೂ ರಬಕವಿಯ ನೇಕಾರರ ಮನೆಯಿಂದ ಹೇಳಿಕಳಿಸಿದಾಗ ಹೋದೆ. ಆ ಮನೆಯ ಯಜಮಾನ ತೀರಿ ಒಂದು ವಾರವಾಗಿತ್ತು.

"ಗಿಳಿ ಮರಿ ಕುಂತಲ್ಲೇ ಬೀಳಾಕತ್ತೈತ್ರಿ. ಕಾಲಾಗ ಶಕ್ತಿ ಬರೂ ಔಷಧ ಕೊಡ್ರಿ," ಅಂದಳು ಅವನ ಹೆಂಡತಿ.

ಮರಿ ನನ್ನ ಬೆರಳನ್ನು ಕೊಕ್ಕಿನಿಂದ ಹಿಡಿದು, ಒಂದೊಂದೇ ಕಾಲು ಎತ್ತಿಟ್ಟು ಸರಿಯಾಗಿಯೇ ಹತ್ತಿತು. ಪಂಜರದ ಕೋಲಿನ ಮೇಲೆ ಕೂರಿಸಿದರೆ ಮಾತ್ರ ಮುಂದೆ ವಾಲಿ, ಹಿಂದೆ ವಾಲಿ, ಧೊಪ್ಪನೆ ಬಿತ್ತು.

"ಮೊದಲ ಎಲ್ಲಿ ಕುಂದರತಿತ್ತು?"

ಆಕೆ ಮಗ್ಗದ ಮೇಲಿನ ಅಡ್ಡಗೋಲು ತೋರಿಸಿದಳು. "ಅವರು ನೇಯೂಮುಂದ ಅಲ್ಲೇ ಇರತಿತ್ರಿ. ಕುಂದರಾಕ ಕಲತದ್ದ ಅದರ ಮ್ಯಾಲೆ."

ಮಗ್ಗದ ಬಡಿತಕ್ಕೆ ದಿನವಿಡೀ ನಡುಗುವ ಕೋಲಿನ ಮೇಲೆ ಮೈ ತೂಗಿಸಲು ಕಲಿತ ಹಕ್ಕಿಗೆ ಅಲುಗದ ಕೋಲು ಗೊತ್ತೇ ಇರಲಿಲ್ಲ.

"ಕಾಲು ಗಟ್ಟಿ ಅದಾವ್ರಿ ಅಕ್ಕಾರ. ನಾಕು ದಿನ ಬಿದ್ದು ಎದ್ದು ರೂಢಿ ಆಗತೈತಿ," ಅಂದೆ.

ಆಕೆ ಮರಿಯನ್ನು ಅಡ್ಡಗೋಲಿನ ಮೇಲಿಟ್ಟು, ಗಂಡನ ಜಾಗದಲ್ಲಿ ಕುಳಿತು ಮಗ್ಗ ತುಳಿಯತೊಡಗಿದಳು. ಅಡ್ಡಗೋಲು ನಡುಗತೊಡಗಿತು. ಅರ್ಧ ನೇಯ್ದ ಸೀರೆ ಒಂದೆಳೆಯೂ ಬೆಳೆಯದೆ ಅರ್ಧದಲ್ಲೇ ಇತ್ತು. ಗಿಳಿ ಮಾತ್ರ ನೆಟ್ಟಗೆ ಕುಳಿತುಕೊಂಡಿತು.

"ನೂಲು ಸುತ್ತೂದಷ್ಟ ಬರತೈತ್ರಿ ನನಗ. ನೇಯಾಕ ಬರೂದಿಲ್ಲ," ಅಂದಳು, ತುಳಿಯುತ್ತಲೇ.

ಔಷಧ ಕೊಡದೆ ಹೊರಬಿದ್ದೆ. ಓಣಿಯಲ್ಲಿ ನೆರೆಯವನೊಬ್ಬ ಕಿವಿಗೊಟ್ಟು ನಿಂತಿದ್ದ.

"ಮಗ್ಗ ಚಾಲೂ ಆತಲ್ರಿ! ಛಲೋ ಆತು ಬಿಡ್ರಿ," ಅಂದ.

ಹೂಂ ಅಂದೆ. ಕಂಪೌಂಡರನಿಗೆ ಅಷ್ಟು ಹೇಳಲು ಬರುತ್ತದೆ.