ದಾರದ ಆನೆ

ಗೌರಿ, ಆ ದಾರದ ಆನೆಯನ್ನು ನಡೆಸಿದವಳು ನೀನು. ನಾನು ನಡೆಸಿದೆ ಎಂದು ಹೇಳಿ ಕಾಲೇಜಿನಲ್ಲಿ ಸೀಟು ಪಡೆದೆ, ಕೆಲಸ ಪಡೆದೆ, ಊರಲ್ಲಿ ಹೆಸರೂ ಪಡೆದೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ನಿನಗೆ ಗೊತ್ತಿದೆ ಎನ್ನುವುದು ನನಗೂ ಗೊತ್ತು. ಆದರೂ ಇಷ್ಟು ವರ್ಷ ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿಂದೆವಲ್ಲ — ಅದು ಇನ್ನು ಗಂಟಲಲ್ಲಿ ಇಳಿಯುವುದಿಲ್ಲ.

ಓದುವವರಿಗೆ ನೀನು ಯಾರೆಂದು ಹೇಳಬೇಕು. ಗೌರಿ ನನ್ನ ತಂಗಿ. ವಯಸ್ಸಿನಲ್ಲಿ ನನಗಿಂತ ಕೊಂಚ ಚಿಕ್ಕವಳು, ಹಟದಲ್ಲಿ ಬಹಳ ದೊಡ್ಡವಳು. ಇಳಕಲ್ಲಿನ ನಮ್ಮ ನಡುಮನೆಯಲ್ಲೇ ಅಪ್ಪನ ಮಗ್ಗ. ಕಾರ್ಟೂನ್ ಮಾಡುವವರಾಗಬೇಕೆಂದು ಶಾಲೆಯ ದಿನಗಳಲ್ಲೇ ಇಬ್ಬರೂ ನಿಶ್ಚಯಿಸಿಬಿಟ್ಟಿದ್ದೆವು. "ಗೊಂಬಿ ಕುಣಿಸಾಕ ಕಾಲೇಜ್ ಬ್ಯಾರೆ ಬೇಕೇನಣ್ಣಾ?" ಎಂದು ಸೋದರತ್ತೆ ಕೇಳಿದಾಗ ಅಪ್ಪ ಲಾಳಿ ನಿಲ್ಲಿಸದೆ, "ಬೇಕಂತ. ಕಲೀಲಿ ಬಿಡು" ಎಂದಿದ್ದ. ನಮ್ಮ ಲೆಕ್ಕಾಚಾರ ನೆಟ್ಟಗಿತ್ತು. ಪಿಯುಸಿ ಮುಗಿಸಿ ಮೊದಲು ನಾನು ಹುಬ್ಬಳ್ಳಿಯ ಅನಿಮೇಷನ್ ಕಾಲೇಜು ಸೇರುವುದು, ಮರುವರ್ಷ ನೀನು, ಆಮೇಲೆ ಇಳಕಲ್ಲಿನಲ್ಲೇ ಇಬ್ಬರದೂ ಒಂದು ಸ್ಟುಡಿಯೋ. ಪ್ರವೇಶಕ್ಕೆ ಸ್ವಂತ ಕೆಲಸ ತೋರಿಸಬೇಕಿತ್ತು.

ಹಾಗೆ ಹುಟ್ಟಿತು ಆನೆ. ಮಗ್ಗದ ಕೆಳಗೆ ಬೀಳುವ ರೇಷ್ಮೆಯ ತುಂಡುದಾರಗಳನ್ನು ಕರಿ ಬಟ್ಟೆಯ ಮೇಲೆ ಜೋಡಿಸಿ ನೀನು ಅದನ್ನು ಮಾಡಿದೆ. ಕಾಲು ಕೊಂಚ ಸರಿಸುವುದು, ಒಂದು ಫೋಟೋ. ಮತ್ತೆ ಕೊಂಚ, ಮತ್ತೊಂದು ಫೋಟೋ. ಫೋನನ್ನು ಮಗ್ಗದ ಮೇಲಿನ ಅಡ್ಡ ಕಟ್ಟಿಗೆಗೆ ಕಟ್ಟಿದ್ದೆವು. ಅಪ್ಪ ನೇಯಲು ಕೂತರೆ ಎಲ್ಲವೂ ಅಲುಗುತ್ತಿತ್ತು. ಹಾಗಾಗಿ ಮಗ್ಗಕ್ಕೆ ಬಿಡುವಿರುವ ಅಮಾವಾಸ್ಯೆಯಂದು ಮಾತ್ರ ನಮ್ಮ ಶೂಟಿಂಗು. ಅಮಾವಾಸ್ಯೆ ಬರಲೆಂದು ಹಂಬಲಿಸಿದ ಹುಡುಗಿಯರು ನಾವಿಬ್ಬರೇ ಇರಬೇಕು. ನಡಿಗೆ ಕಲಿಯಲು ನಮ್ಮ ಕಡೆ ಆನೆ ಎಲ್ಲಿ ಸಿಗಬೇಕು? ಕಮತಗಿಯಲ್ಲಿ ಸೋದರಮಾವನ ಎಮ್ಮೆಗಳ ಹಿಂದೆ ನೀನು ದಿನವಿಡೀ ಬಿಸಿಲಲ್ಲಿ ಅಲೆದೆ. ನಾನು ನೆರಳಲ್ಲಿ ಕೂತು ಚುರುಮುರಿ ತಿಂದೆ. ಫೋನಿನ ಬಟನ್ ಒತ್ತಿದೆ — ಅದೊಂದೇ ನನ್ನ ಕೆಲಸ.

ಹುಬ್ಬಳ್ಳಿಯಲ್ಲಿ ಸಂದರ್ಶನ ಮಾಡಿದ ಸರ್ ಆ ಆನೆಯನ್ನು ಮತ್ತೆ ಮತ್ತೆ ನೋಡಿದರು.

"ಇದನ್ನ ಪೂರಾ ನೀನ ಮಾಡೀಯೇನವಾ?"

"ಹೌದ್ರಿ ಸರ್, ನಾನ ಮಾಡೀನ್ರಿ."

ನಮ್ಮಲ್ಲಿ ಅವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತಿದರೂ, ನೀನು ಸೆರಗಿನ ಎಳೆ ಕೂಡಿಸಿದರೂ, ಸೀರೆ ಮಾತ್ರ ಅಪ್ಪನದು ಎನಿಸಿಕೊಳ್ಳುತ್ತದೆ. ಆ ರೂಢಿಯಲ್ಲೇ ಬಾಯಿ ಜಾರಿತು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಯಿ ಜಾರಿರಲಿಲ್ಲ, ಗೌರಿ. ಆ ಮೆಚ್ಚುಗೆ ಪೂರ್ತಿ ನನಗೇ ಬೇಕಿತ್ತು.

ಮರುವರ್ಷ, ನಾನು ನಿನ್ನ ಹೆಸರನ್ನೂ ಹೇಳಿದ್ದೇನೆಂದು ನಂಬಿ, ನೀನು ಅದೇ ಆನೆಯನ್ನು ಹಿಡಿದು ಬಂದೆ. ಒಮ್ಮೆ ನೇಯ್ದ ಸೀರೆ ದಡಿಯ ವಿನ್ಯಾಸವನ್ನು ಮತ್ತೆ ನೇಯಬಾರದೆಂದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ನಾನಾದರೂ ಎಚ್ಚರಿಸಬಹುದಿತ್ತು. ಏನು ತೋರಿಸುತ್ತೀ ಎಂದು ಕೇಳಿದರೆ ನನ್ನ ಸುಳ್ಳು ಹೊರಬೀಳುತ್ತದೆಂದು — ಕೇಳಲೇ ಇಲ್ಲ. ಸರ್ ನನ್ನನ್ನು ಕ್ಲಾಸಿನಿಂದ ಕರೆಸಿದರು.

"ನಿನ್ನ ಕೆಲಸಾನ ತನ್ನದು ಅಂತಾಳಲ್ಲ ನಿನ್ನ ತಂಗಿ?"

ನೀನು ನನ್ನತ್ತ ನೋಡಿದೆ. ಅಕ್ಕ ಈಗ ಹೇಳುತ್ತಾಳೆ ಎಂಬ ಭರವಸೆಯಲ್ಲಿ, ಮುಖದಲ್ಲಿ ಸ್ವಲ್ಪ ನಗು ಕೂಡ ಇಟ್ಟುಕೊಂಡು ನೋಡಿದೆ.

"ಸಹಾಯ ಮಾಡ್ಯಾಳ್ರಿ ಸರ್" ಎಂದೆ.

ನಿನಗೆ ಸೀಟು ಸಿಗಲಿಲ್ಲ. ಅವ್ವ ಯಾಕೆಂದು ಕೇಳಿದರೆ, "ಅಕ್ಕನಂಗ ನನಗೆಲ್ಲಿ ಬರ್ತೈತಿ ಬಿಡವಾ" ಎಂದೆಯಂತೆ. ಅವ್ವ ಅದನ್ನು ನನಗೆ ಫೋನಿನಲ್ಲಿ ಹೇಳಿ ಹಿಗ್ಗಿದಳು.

ಆಮೇಲಿನದನ್ನು ಹೇಳುವಾಗ ಮಾತ್ರ ನನಗೆ ಎದೆ ತುಂಬುತ್ತದೆ. ಬಾಗಲಕೋಟೆಯ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತ, ಬಿಡುವಾದಾಗ ಅವರದೇ ಕಂಪ್ಯೂಟರಿನಲ್ಲಿ ಎಲ್ಲವನ್ನೂ ನೀನೇ ಕಲಿತೆ. ಇಬ್ಬರೂ ಸೇರಿ ತೆರೆಯಬೇಕಿದ್ದ ಸ್ಟುಡಿಯೋವನ್ನು ಇಳಕಲ್ಲಿನಲ್ಲಿ ಒಬ್ಬಳೇ ತೆರೆದೆ. ಮಗ್ಗದ ಮನೆಗಳ ಹುಡುಗಿಯರನ್ನು ಕರೆದು ಕೂರಿಸಿ ಕಲಿಸಿದೆ. ನಿನ್ನ ದಾರದ ಗುಬ್ಬಿ ರೆಕ್ಕೆ ಬಡಿದರೆ ನಾನು ಕೆಲಸ ಮಾಡುವ ಕಡೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ನೋಡುತ್ತಾರೆ. "ನಮ್ಮ ಗೌರಿದು" ಎಂದು ನಾನು ಬೀಗುತ್ತೇನೆ. "ಅಕ್ಕನ ಕೈಯಾಗ ಕಲ್ತಾಳ, ಬರೂದ ಬಿಡ್ರಿ" ಎನ್ನುತ್ತಾರೆ ಅವರು. ಅದಕ್ಕೆ ನಾನು ಹೂಂ ಎಂದೂ ಅನ್ನದೆ, ಅಲ್ಲ ಎಂದೂ ಅನ್ನದೆ ನಗುತ್ತಿದ್ದೆ.

ಹೋದ ವಾರ, ನೀನು ಮಕ್ಕಳಿಗಾಗಿ ಮಾಡಿದ ಕಾರ್ಟೂನ್ ಸರಣಿಯನ್ನು ಕೊಳ್ಳಲು ಪರಿಶೀಲಿಸುತ್ತಿರುವವರು ಬೆಂಗಳೂರಿನಿಂದ ನನಗೆ ಫೋನ್ ಮಾಡಿದ್ದರು. "ನಿಮ್ಮ ಹಳೆಯ ಆನೆಯ ನಕಲಿನ ಹಾಗೆ ಕಾಣುತ್ತಲ್ಲ ಮೇಡಂ. ನಕಲಾದರೆ ನಾವು ತಗೊಳ್ಳೋಕಾಗಲ್ಲ" ಎಂದರು. ಮತ್ತೆ ಅದೇ ಪ್ರಶ್ನೆ. ಈ ಸಲ ನೀನು ಎದುರಿಗಿರಲಿಲ್ಲ.

"ನಕಲಲ್ಲರಿ. ಹಳೇ ಆನಿನೂ ಆಕಿದ. ನಾ ಸುಳ್ಳು ಹೇಳಿದ್ದೆ."

ಹುಬ್ಬಳ್ಳಿಯ ಸರ್ ಮನೆಗೂ ಹೋಗಿ ಹೇಳಿ ಬಂದೆ. ಅವರು ಬೈಯಲಿಲ್ಲ, ಕೂರು ಎಂದೂ ಹೇಳಲಿಲ್ಲ. ಸರಣಿ ನಿನಗೆ ಸಿಗುತ್ತದೋ ಇಲ್ಲವೋ, ಇನ್ನೂ ತಿಳಿದಿಲ್ಲ. ಸಿಕ್ಕರೂ ಆ ಕಾಲೇಜಿನ ವರ್ಷಗಳನ್ನು ನಾನು ನಿನಗೆ ತಂದುಕೊಡಲಾರೆ.

ನಾಳಿದ್ದು ಹುನಗುಂದದಲ್ಲಿ, ಅನಿಮೇಷನ್ ಓದಬೇಕೆಂದಿರುವ ಮಕ್ಕಳಿಗೆ ದಾರಿ ಹೇಳಲು ನನ್ನನ್ನು ಕರೆದಿದ್ದಾರೆ. ಬ್ಯಾನರಿನ ಚಿತ್ರ ಕಳಿಸಿದ್ದಾರೆ. ನನ್ನ ಫೋಟೋ, ಪಕ್ಕದಲ್ಲಿ ಆನೆ, ಕೆಳಗೆ 'ದಾರಕ್ಕೆ ಜೀವ ಕೊಟ್ಟ ಇಳಕಲ್ಲಿನ ಮಗಳು'. ಬದಲಿಸಿ ಎಂದು ನಾನು ಹೇಳಲಿಲ್ಲ. ಅದರ ಕೆಳಗೆ ನಿಂತೇ ಆ ಮಕ್ಕಳಿಗೆ ಹೇಳಬೇಕು — ಆ ಮಗಳು ನಾನಲ್ಲ, ನನ್ನ ತಂಗಿ.